ಶ್ಯಾಮಲಮ್ಮನವರ ದಂತವರ್ಣದ ಜಾಕೀಟು

ಸಾಸಿವೆ ಕಾಳಿನಷ್ಟು ಅರಿಶಿನದಿಂದ ಒಬ್ಬ ಗಂಡಸಿನ ಬಾಳು ಹಾಳಾಗಬಹುದೆಂದು ಯಾರಾದರೂ ಹೇಳಿದ್ದರೆ ಮುಳಬಾಗಿಲಿನ ಟೈಲರ್ ಆಂಜಿನಪ್ಪ ಬಿದ್ದು ಬಿದ್ದು ನಗುತ್ತಿದ್ದ. ಆದರೆ ಆ ವರ್ಷ ನವೆಂಬರ್ ಒಂದನೇ ತಾರೀಖು ಬೆಳಿಗ್ಗೆ, ಕಾಫಿ ಕುಡಿದು ಒಳಮನೆಯಿಂದ ಅಂಗಡಿಗೆ ಬಂದವನಿಗೆ ನಗು ಬರಲಿಲ್ಲ. ಹ್ಯಾಂಗರಿನಲ್ಲಿ ತೂಗುತ್ತಿದ್ದ ಜಾಕೀಟಿನ ಕಾಲರಿನ ಮೇಲೆ ಒಂದು ಹಳದಿ ಚುಕ್ಕೆ ಕೂತು ಅವನನ್ನೇ ನೋಡುತ್ತಿತ್ತು.

"ಏನೇ ಇದು?" ಎಂದು ಅವನು ಹೆಂಡತಿಯನ್ನು ಕೂಗಿದ.

ಭಾರತಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಅರಿಶಿನ ರೀ. ಹೊಸ ಬಟ್ಟೆಗೆ ಅರಿಶಿನ ಇಡ್ದೆ ಯಾರಾದ್ರೂ ಕೊಡ್ತಾರಾ? ಅದೂ ಮುತ್ತೈದೆಗೆ, ಅದೂ ಬರೀ ಬಿಳಿ! ಒಳಗಡೆಗೇ ಇಟ್ಟಿದೀನಿ, ಕಾಣ್ಸಲ್ಲ."

"ಒಳಗಡೆ ಇಟ್ಟಿದ್ದು ಹೊರಗಡೆ ಬಂದು ಕೂತಿದೆಯಲ್ಲೇ!"

"ಬಟ್ಟೆ ಅಷ್ಟು ತೆಳ್ಳಗಿದ್ರೆ ನಾನೇನ್ರೀ ಮಾಡ್ಲಿ? ನಮ್ಮೋರ ಬಟ್ಟೆಯಾದ್ರೆ ಅರಿಶಿನ ಇಟ್ಟ ಕಡೆ ಇರತ್ತೆ."

ಆ ಜಾಕೀಟಿನ ಹಿಂದಿನ ಕತೆ ಸ್ವಲ್ಪ ಹೇಳಬೇಕು. ಆಂಜಿನಪ್ಪನ ಅಂಗಡಿಯ ಮೇಲೆ ‘ನ್ಯೂ ಫ್ಯಾಷನ್ ಲೇಡೀಸ್ ಟೈಲರ್’ ಎಂದು ಬೋರ್ಡಿತ್ತು. ಫ್ಯಾಷನ್ನು ಇದ್ದದ್ದು ಬೋರ್ಡಿನಲ್ಲಿ ಮಾತ್ರ. ಹರೆಯದಲ್ಲಿ ಅವನು ಬೆಂಗಳೂರಿನ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಒಂದು ದೊಡ್ಡ ಅಂಗಡಿಯ ಮೂಲೆಯಲ್ಲಿ ಗುಂಡಿಗೆ ಕಾಜ ಹೊಲಿಯುತ್ತ ಕೂತು, ದೊಡ್ಡ ಮನೆಯ ಹೆಂಗಸರ ಕೋಟು ಗೌನುಗಳನ್ನು ಓರೆಗಣ್ಣಿನಲ್ಲಿ ನೋಡಿ ನೋಡಿ ಕತ್ತರಿಸುವ ವಿದ್ಯೆ ಕದ್ದು ಬಂದಿದ್ದ. ಆದರೆ ಮುಳಬಾಗಿಲಿನ ಹೆಂಗಸರು ಒಂದು ಹಳೇ ರವಿಕೆ ತಂದು ಮೆಷಿನ್ನಿನ ಮೇಲೆ ಎಸೆದು, "ಇದೇ ಅಳತೆ, ಇದೇ ಕತ್ತು, ಇದೇ ತೋಳು. ನಿನ್ನ ತಲೆ ಉಪಯೋಗಿಸ್ಬೇಡ" ಎಂದು ಹೋಗುತ್ತಿದ್ದರು. ಒಮ್ಮೆ ಆಸೆ ತಡೆಯಲಾರದೆ ಹಿಂದಿನ ಬೀದಿಯ ದೊಡ್ಡಗಂಗಮ್ಮನ ರವಿಕೆಗೆ ಸ್ವಲ್ಪ ಅಗಲ ಕತ್ತು ಇಟ್ಟಿದ್ದ. ಆಕೆ ಬೆನ್ನಿಗೆ ಗಾಳಿ ಹೊಡೆದು ಶೀತವಾಯಿತೆಂದು ಊರೆಲ್ಲ ಸಾರಿ, ಆ ಜಾಗಕ್ಕೆ ಬೇರೆ ಬಟ್ಟೆಯ ತೇಪೆ ಹಾಕಿಸಿಕೊಂಡು ಹೋಗಿದ್ದಳು.

ಇದರ ಮೇಲೆ ಮಾವ ದೊಡ್ಡಮುನಿಯಪ್ಪನ ಕಾಟ ಬೇರೆ. ದೇವರಾಯಸಮುದ್ರದಲ್ಲಿ ಅವನಿಗೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳದ ಮನೆ. ಗಂಡುಮಕ್ಕಳಿಲ್ಲ. ಮೆಷಿನ್ನು ಮಾರಿ ಹುಳ ನೋಡಿಕೊಳ್ಳಲು ಬಾ ಎಂದು ಅಳಿಯನ ಹಿಂದೆ ಬಿದ್ದಿದ್ದ. ಆಂಜಿನಪ್ಪನಿಗೆ ರೇಷ್ಮೆ ಎಂದರೆ ಪ್ರಾಣ, ರೇಷ್ಮೆ ಹುಳ ಎಂದರೆ ಪ್ರಾಣಸಂಕಟ. ಯುಗಾದಿಗೆ ಹೋಗಿದ್ದಾಗ ಒಂದು ಹುಳ ಅಂಗಿಯೊಳಗೆ ಬಿದ್ದು, ಅವನು ಅಂಗಿಯನ್ನು ಅಲ್ಲೇ ಬಿಟ್ಟು ಕೆರೆ ಏರಿಯವರೆಗೂ ಓಡಿದ್ದನ್ನು ಆ ಊರು ಇನ್ನೂ ಮರೆತಿಲ್ಲ. ಕೊನೆಗೆ ಮಾವ ಒಂದು ಮಾತು ಆಡಿದ. "ರಾಜ್ಯೋತ್ಸವದ ದಿನ ಸಾಯಂಕಾಲ ಗಾಡಿ ಕಟ್ಕೊಂಡು ಬರ್ತೀನಿ ಅಳಿಯಾ. ಈ ಊರಿನ ಹೆಂಗಸರು ‘ಆಂಜಿನಪ್ಪನ ಕೈ ಅಂದ್ರೆ ಕೈ’ ಅಂತ ನನ್ನ ಕಿವೀಗೆ ಬೀಳೋ ಹಂಗೆ ಅಂದ್ರೆ, ಬಂದ ಗಾಡೀಲಿ ನಾನೊಬ್ಬನೇ ವಾಪಸ್. ಅನ್ಲಿಲ್ವಾ, ಮೆಷಿನ್ನೂ ನೀನೂ ಗಾಡಿ ಮೇಲೆ."

ಇಂಥ ಇಕ್ಕಟ್ಟಿನಲ್ಲಿ ದೇವರೇ ಕಳಿಸಿದಂತೆ ಬಂದವರು ಶ್ಯಾಮಲಮ್ಮನವರು. ಹೊಸದಾಗಿ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರ ಹೆಂಡತಿ, ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು. ಮಹಿಳಾ ಸಮಾಜದ ರಾಜ್ಯೋತ್ಸವಕ್ಕೆ ಅವರದೇ ಅಧ್ಯಕ್ಷತೆ. ಅವರು ತಂದ ರೇಷ್ಮೆ ಬಟ್ಟೆಯನ್ನು ಬಿಚ್ಚಿದಾಗ ಆಂಜಿನಪ್ಪ ಮುಟ್ಟುವ ಮೊದಲು ಕೈಯನ್ನು ಅಂಗಿಗೆ ಒರೆಸಿಕೊಂಡ. ಬಿಳಿಯಲ್ಲ, ಹಳದಿಯಲ್ಲ, ಕೆನೆಯೂ ಅಲ್ಲ. ಆನೆಯ ದಂತದ ಬಣ್ಣ. "ನಿನಗೆ ಹೇಗೆ ಚೆನ್ನಾಗಿ ಕಾಣತ್ತೋ ಹಾಗೆ ಹೊಲಿಯಪ್ಪ" ಎಂದರು ಶ್ಯಾಮಲಮ್ಮ. ಆ ಮಾತನ್ನು ಜನ್ಮದಲ್ಲಿ ಮೊದಲ ಬಾರಿ ಕೇಳಿದ ಆಂಜಿನಪ್ಪನಿಗೆ ಕಣ್ಣಲ್ಲಿ ನೀರು ಬಂತು. ಕೋಟಿನಂಥ ಕಾಲರು, ಮುಂಗೈವರೆಗೆ ಇಳಿದ ತೋಳು, ಸೊಂಟದಲ್ಲಿ ಸಣ್ಣ ಸಣ್ಣ ಮಡಿಕೆ, ಅದೇ ಬಟ್ಟೆ ಸುತ್ತಿದ ಗುಂಡಿಗಳು. ಹಗಲೂ ರಾತ್ರಿ ಕೂತು ಹೊಲಿದಿದ್ದ. ಈಗ ಕಾಲರಿನ ಮೇಲೆ ಅರಿಶಿನ!

"ಇಲ್ಲೇ ಕೂತಿರು. ಯಾರೂ ಇದನ್ನ ಮುಟ್ಟಬಾರದು" ಎಂದು ಹೆಂಡತಿಯನ್ನು ಕಾವಲಿಗೆ ಕೂರಿಸಿ, ಆಂಜಿನಪ್ಪ ಅಗಸರ ಮುನಿಕೃಷ್ಣಪ್ಪನನ್ನು ಹುಡುಕಿಕೊಂಡು ಓಡಿದ. ಕಲೆ ತೆಗೆಯುವುದರಲ್ಲಿ ಮುನಿಕೃಷ್ಣಪ್ಪನನ್ನು ಮೀರಿಸಿದವರಿಲ್ಲ. ಆದರೆ ರಾಜ್ಯೋತ್ಸವಕ್ಕೆ ಸರ್ಕಾರಿ ರಜೆ ಎಂದು ಅವನೂ ರಜೆ ಹಾಕಿ ಮಾವನ ಮನೆಗೆ ಹೋಗಿದ್ದ. ಆಂಜಿನಪ್ಪ ಬೆವರು ಸುರಿಸಿಕೊಂಡು ವಾಪಸು ಬಂದಾಗ ಅಂಗಡಿಯಲ್ಲಿ ದೊಡ್ಡಗಂಗಮ್ಮ ಕೂತಿದ್ದಳು. ಪಕ್ಕದ ಗೌಸ್ ಮೊಹಿದ್ದೀನನ ಅಂಗಡಿಗೆ ಬಳೆ ತೊಡಲು ಬಂದವಳು, ಭಾರತಮ್ಮನ ಹತ್ತಿರ ಎರಡು ಮಾತಾಡಲು ಒಳಗೆ ಬಂದಿದ್ದಳಂತೆ.

"ಬಾರಪ್ಪಾ ಆಂಜಿನಪ್ಪ" ಎಂದಳು ದೊಡ್ಡಗಂಗಮ್ಮ. "ನಿನ್ನ ಹೆಂಡ್ತಿಗೆ ಬುದ್ಧಿ ಹೇಳ್ತಿದ್ದೆ. ಅಷ್ಟು ಬೆಳ್ಳನೆ ಬಟ್ಟೆಗೆ ಆ ಒಂದು ಚುಕ್ಕೆ ಸಾಲ್ತದಾ? ದೇವುಡಾ, ದೃಷ್ಟಿ ತಾಗಲ್ವಾ? ನಾನೇ ಬೆನ್ನ ಮೇಲೆ ಒಂದು ಇಟ್ಟೆ."

ಆಂಜಿನಪ್ಪ ಜಾಕೀಟನ್ನು ತಿರುಗಿಸಿ ನೋಡಿದ. ಬೆನ್ನಿನ ನಟ್ಟನಡುವೆ ದೊಡ್ಡಗಂಗಮ್ಮನ ಹೆಬ್ಬೆಟ್ಟು, ರೇಖೆಗಳ ಸಮೇತ, ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಒತ್ತಿದಂತೆ ಸ್ಪಷ್ಟವಾಗಿ ಮೂಡಿತ್ತು.

"ಗಂಗಕ್ಕಾ!" ಎಂದು ಅವನು ತಲೆಯ ಮೇಲೆ ಕೈ ಹೊತ್ತು ಕೂತ.

"ಇರ್ಲಿ ಬಿಡು, ಥ್ಯಾಂಕ್ಸ್ ಎಲ್ಲ ಯಾಕೆ" ಎಂದು ದೊಡ್ಡಗಂಗಮ್ಮ ಬಳೆ ತೊಡಲು ಎದ್ದು ಹೋದಳು.

"ನಿನ್ನ ಕಾವಲಿಗೆ ಕೂರ್ಸಿದ್ನಲ್ಲೇ!"

"ನಾನೆಲ್ಲಿ ಮುಟ್ದೆ? ದೊಡ್ಡೋರು ಅರಿಶಿನ ಕೇಳಿದ್ರೆ ಇಲ್ಲ ಅನ್ನೋಕಾಗತ್ತಾ? ಬಟ್ಟಲು ಕೊಟ್ಟೆ ಅಷ್ಟೇ."

ಗಂಡ ಹೆಂಡತಿ ಒಳಮನೆಗೆ ಹೋಗಿ, ಬೀದಿಗೆ ಕೇಳಬಾರದೆಂದು ಪಿಸುಮಾತಿನಲ್ಲಿ ಜಗಳವಾಡಿದರು. ಪಿಸುಮಾತಿನ ಜಗಳಕ್ಕೆ ಯಾವಾಗಲೂ ಹೊತ್ತು ಜಾಸ್ತಿ ಹಿಡಿಯುತ್ತದೆ. ಅಷ್ಟರಲ್ಲಿ ಮಹಿಳಾ ಸಮಾಜದ ಕಾರ್ಯದರ್ಶಿ, ಪ್ರೈಮರಿ ಸ್ಕೂಲಿನ ಅನಸೂಯಮ್ಮ ಟೀಚರು, ಅಧ್ಯಕ್ಷರ ಉಡುಪು ಸಿದ್ಧವಾಗಿದೆಯೇ ಎಂದು ವಿಚಾರಿಸಲು ಅಂಗಡಿಗೆ ಬಂದರು. ಅನಸೂಯಮ್ಮನವರು ಅಚ್ಚುಕಟ್ಟಿಗೆ ಹೆಸರಾದವರು. ರಂಗೋಲಿಯ ಚುಕ್ಕಿಯನ್ನೂ ಸ್ಕೇಲು ಇಟ್ಟೇ ಹಾಕುವವರು. ಜಾಕೀಟಿನ ಕಾಲರಿನಲ್ಲಿ ಒಂದು, ಬೆನ್ನಿನಲ್ಲಿ ಒಂದು ಅರಿಶಿನ ಕಂಡು ಅವರ ಮನಸ್ಸಿಗೆ ಭಾರೀ ಕಿರಿಕಿರಿಯಾಯಿತು. ಅರಿಶಿನದ ಬಟ್ಟಲು ಅಲ್ಲೇ ಇತ್ತು. ಆಂಜಿನಪ್ಪನ ಅಳತೆ ಟೇಪೂ ಅಲ್ಲೇ ಇತ್ತು.

ಒಳಗಿನಿಂದ ಬಂದ ಆಂಜಿನಪ್ಪನಿಗೆ ಎರಡು ತೋಳಿನ ತುದಿಯಲ್ಲೂ, ಕೆಳ ಅಂಚಿನ ಎರಡು ಮೂಲೆಯಲ್ಲೂ, ಒಂದೇ ಅಳತೆಯ ನಾಲ್ಕು ದುಂಡು ಹಳದಿ ಬೊಟ್ಟುಗಳು ಕಂಡವು.

"ಮಾಡೋ ಶಾಸ್ತ್ರ ಸರಿಯಾಗಿ ಮಾಡ್ಬೇಕು ಆಂಜಿನಪ್ಪ" ಎಂದರು ಅನಸೂಯಮ್ಮ, ಬೆರಳು ಒರೆಸಿಕೊಳ್ಳುತ್ತ. "ಒಂದು ಕಡೆ ಇದ್ದು ಒಂದು ಕಡೆ ಇಲ್ದಿದ್ರೆ ನೋಡೋಕೆ ಚೆನ್ನಾಗಿರಲ್ಲ. ಸಾಯಂಕಾಲ ಐದಕ್ಕೆ ಸಭೆ. ಮರೀಬೇಡ."

ಅವರು ಹೋದದ್ದೇ ಆಂಜಿನಪ್ಪ ಜಾಕೀಟನ್ನು ಬಾಚಿಕೊಂಡು ಹಿತ್ತಲಿಗೆ ಓಡಿ, ಬಟ್ಟೆ ಸೋಪು ತೆಗೆದುಕೊಂಡು ಒಂದೊಂದೇ ಚುಕ್ಕೆಗೆ ಉಜ್ಜತೊಡಗಿದ. ಉಜ್ಜಿದ ಕಡೆಯಲ್ಲೆಲ್ಲ ಹಳದಿ ಹೋಯಿತು, ನಿಜ. ಹೋಗಿ ಕಣ್ಣೆದುರಿಗೇ ಕೆಂಪಾಯಿತು. ಬೆನ್ನಿನ ಹೆಬ್ಬೆಟ್ಟಂತೂ ಯಾರೋ ಹಿಂದಿನಿಂದ ಚೂರಿ ಹಾಕಿದ ಗಾಯದಂತೆ ಕಂಡಿತು.

ಹಿತ್ತಲ ಗೋಡೆಯ ಮೇಲಿನಿಂದ ಬಳೆ ಅಂಗಡಿಯ ಗೌಸ್ ಮೊಹಿದ್ದೀನ್ ಇಣುಕಿದ. "ಅರೆ ಆಂಜಿನಪ್ಪ ಭಾಯ್! ಯಾರ್ದು ಮರ್ಡರ್ ಆಯ್ತು?"

"ನಂದೇ ಗೌಸಣ್ಣ" ಎಂದ ಆಂಜಿನಪ್ಪ ಅಳುದನಿಯಲ್ಲಿ.

"ರೀ, ಸೋಪು ಹಾಕಿದ್ರಾ?" ಎಂದು ಭಾರತಮ್ಮ ಓಡಿ ಬಂದಳು. "ಅರಿಶಿನಕ್ಕೆ ಸುಣ್ಣ ಬಿದ್ರೂ ಕೆಂಪು, ಸೋಪು ಬಿದ್ರೂ ಕೆಂಪು. ಮದುವೆ ಮನೇಲೆಲ್ಲ ಆರತಿ ನೀರು ಕಲಸೋಳು ನಾನು. ನನ್ನ ಒಂದು ಮಾತು ಕೇಳ್ಬಾರ್ದಾ?"

"ಕೇಳಿದ್ರೆ ಏನ್ ಹೇಳ್ತಿದ್ದೆ?"

"ನಿಂಬೆಹಣ್ಣು ಹಾಕಿ ಅಂತಿದ್ದೆ. ಕೆಂಪು ಹೋಗತ್ತೆ."

ನಿಂಬೆಹಣ್ಣು ಹಿಂಡಿದರು. ಕೆಂಪು ಹೋಯಿತು. ಹೋಗಿ ಮತ್ತೆ ಹಳದಿಯಾಯಿತು. ಮೊದಲು ಸಾಸಿವೆಯಷ್ಟಿದ್ದದ್ದು ಈಗ ನಿಂಬೆರಸದಲ್ಲಿ ಹರಡಿ ನಿಂಬೆಹಣ್ಣಿನಷ್ಟೇ ಆಗಿತ್ತು. ಆಂಜಿನಪ್ಪ ಒಗೆಯುವ ಕಲ್ಲಿನ ಮೇಲೆ ಕುಸಿದು, ಹುಳಗಳು ಸೊಪ್ಪು ತಿನ್ನುವ ಚರಚರ ಸದ್ದು ಈಗಲೇ ಕಿವಿಗೆ ಕೇಳುತ್ತಿದೆ ಎಂದ.

ಆಗ ಗೌಸ್ ಮೊಹಿದ್ದೀನ್ ಗೋಡೆ ಹಾರಿ ಬಂದ. "ಸುನೋ ಭಾಯ್. ನಮ್ಮ ಹೆಂಡ್ತಿ ಅಸ್ಗರಿ ಮನೇಲಿ ದುಪಟ್ಟಾಗೆ ಬಣ್ಣ ಹಾಕ್ತಾಳಲ್ಲ. ಒಂದು ಕಡೆ ಕಲೆ ಬಿದ್ರೆ ಅಳ್ತಾ ಕೂರ್ತಾಳಾ? ಪೂರಾ ದುಪಟ್ಟಾ ಅದೇ ಬಣ್ಣದಲ್ಲಿ ಅದ್ದಿಬಿಡ್ತಾಳೆ. ಕಲೆ ಎಲ್ಲಿ, ಬಟ್ಟೆ ಎಲ್ಲಿ, ಯಾರಿಗೆ ಗೊತ್ತಾಯ್ತದೆ?"

ಹುಚ್ಚು ಮಾತು. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಗೋಡೆಯ ಆ ಬದಿಯಲ್ಲಿದ್ದ ಅಸ್ಗರಿಯನ್ನು ಕೇಳಿ ಕೇಳಿ, ಭಾರತಮ್ಮ ಅನ್ನದ ದೊಡ್ಡ ತಪ್ಪಲೆಯಲ್ಲಿ ವರ್ಷಕ್ಕೆ ಸಾಕಾಗುವಷ್ಟು ಅರಿಶಿನ ಕುದಿಸಿದಳು, ಬಣ್ಣ ನಿಲ್ಲಲೆಂದು ಪಟಿಕ ಹಾಕಿದಳು. ಆಂಜಿನಪ್ಪ ಕಣ್ಣು ಮುಚ್ಚಿಕೊಂಡು ದಂತವರ್ಣದ ಜಾಕೀಟನ್ನು ಅದರಲ್ಲಿ ಮುಳುಗಿಸಿದ. ಗಣೇಶನನ್ನು ಬಿಡುವಾಗಲೂ ಅವನಿಗೆ ಅಷ್ಟು ಸಂಕಟವಾಗಿರಲಿಲ್ಲ. ಮೇಲೆತ್ತಿದಾಗ ಜಾಕೀಟು ಚೆಂಡುಹೂವಿನಂತೆ ಹೊಳೆಯುತ್ತಿತ್ತು. ಒಂದೇ ಒಂದು ಕಲೆ ಕಾಣಲಿಲ್ಲ.

ಇದೇ ಹೊತ್ತಿಗೆ ಮಾವ ದೊಡ್ಡಮುನಿಯಪ್ಪ ಹಿತ್ತಲ ಬಾಗಿಲಲ್ಲಿ ಬಂದು ನಿಂತ. ಸಾಯಂಕಾಲದ ಮಾತಾದರೂ ಅವನು ಮಧ್ಯಾಹ್ನಕ್ಕೇ ಗಾಡಿ ತಂದಿದ್ದ. ಗಾಡಿಯ ಮೇಲೆ ಮೆಷಿನ್ನಿಗೆ ಮೆತ್ತಗಿರಲೆಂದು ಹುಲ್ಲನ್ನೂ ಹಾಸಿಕೊಂಡು ಬಂದಿದ್ದ. ತಪ್ಪಲೆ ನೋಡಿದ, ಅಳಿಯನ ಹಳದಿ ಕೈ ನೋಡಿದ. "ಪರವಾಗಿಲ್ಲ, ಮಾಡ್ಕೋ ಅಳಿಯಾ, ನಿಧಾನವಾಗಿ ಮಾಡ್ಕೋ" ಎಂದು ಜಗಲಿಯ ಮೇಲೆ ಟವೆಲು ಹಾಸಿ ಮಲಗಿದ.

ಬಣ್ಣವಾಯಿತು, ಒಣಗಬೇಕಲ್ಲ. ಬಿಸಿಲಿಗೆ ಹಾಕಿದರೆ ಅರಿಶಿನ ಬಿಳಿಚಿಕೊಳ್ಳುತ್ತದೆ, ಗಾಳಿಗೇ ಆರಬೇಕು ಎಂದಳು ಅಸ್ಗರಿ. ಅವತ್ತು ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. "ಗಾಳಿ ಬರ್ದಿದ್ರೆ ನಾವೇ ಗಾಳಿ ಹತ್ರ ಹೋಗೋದು" ಎಂದ ಗೌಸ್. ಒಂದು ಬಿದಿರಿನ ಗಳುವಿನ ತುದಿಗೆ ಹ್ಯಾಂಗರು ಕಟ್ಟಿ ಜಾಕೀಟನ್ನು ತೂಗುಹಾಕಿದರು. ಗೌಸ್ ಸೈಕಲ್ ತುಳಿದ, ಆಂಜಿನಪ್ಪ ಹಿಂದಿನ ಕ್ಯಾರಿಯರಿನ ಮೇಲೆ ಗಳು ಹಿಡಿದು ಕೂತ. ಹೆದ್ದಾರಿಯ ಬದಿಯ ಮರಗಳ ನೆರಳಿನಲ್ಲಿ ಸೈಕಲ್ಲು ಹಾರಿತು, ಜಾಕೀಟು ಪಟಪಟ ಬಡಿದುಕೊಂಡು ಆರತೊಡಗಿತು.

ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಎದುರಿಗೆ ಯುವಕ ಸಂಘದ ಮೆರವಣಿಗೆ ಬಂತು. ಮುಂದೆ ಸಂಘದ ಅಧ್ಯಕ್ಷ ಚನ್ನರಾಯಪ್ಪ. ಅವರು ಹೇಳಿ ಮಾಡಿಸಿದ್ದ ದೊಡ್ಡ ಬಾವುಟ ಕೋಲಾರದಿಂದ ಬರುವ ಬಸ್ಸಿನಲ್ಲೇ ಉಳಿದು ಚಿತ್ತೂರಿಗೆ ಹೋಗಿಬಿಟ್ಟಿತ್ತು. ಬಾವುಟವಿಲ್ಲದೆ ಬಾಡಿದ ಮುಖದಲ್ಲಿ ನಡೆಯುತ್ತಿದ್ದ ಚನ್ನರಾಯಪ್ಪನಿಗೆ ಗಳುವಿನ ತುದಿಯ ಹಳದಿ ಕಂಡದ್ದೇ ಜೀವ ಬಂತು.

"ಶಭಾಷ್ ಆಂಜಿನಪ್ಪ! ಇಡೀ ಊರಲ್ಲಿ ನೀನೊಬ್ನೇ ಕಣೋ ಕನ್ನಡದ ಅಭಿಮಾನಿ!" ಎಂದು ಕೂಗಿ, "ಆದ್ರೆ ಕೆಂಪು ಎಲ್ಲಯ್ಯ?" ಎಂದು ತಲೆ ಎತ್ತಿ ನೋಡಿದ.

ಆಂಜಿನಪ್ಪ ಬಾಯಿ ಬಿಡುವ ಮೊದಲೇ ಚನ್ನರಾಯಪ್ಪ ತನ್ನ ಹೆಗಲ ಮೇಲಿದ್ದ ಕೆಂಪು ಟವೆಲನ್ನು ಹಳದಿಯ ಕೆಳಗೆ ಗಳುವಿಗೆ ಕಟ್ಟಿಬಿಟ್ಟ. ಮೇಲೆ ಹಳದಿ, ಕೆಳಗೆ ಕೆಂಪು. ಜನ ಜೈಕಾರ ಹಾಕಿದರು. ಬಾವುಟಕ್ಕೆ ಕಾಲರು ಇರುವುದನ್ನಾಗಲಿ, ಗುಂಡಿ ಇರುವುದನ್ನಾಗಲಿ ಯಾರೂ ಗಮನಿಸಲಿಲ್ಲ. ಅಭಿಮಾನ ಉಕ್ಕಿದಾಗ ಅಂಥ ಸಣ್ಣಪುಟ್ಟದ್ದು ಕಾಣುವುದೂ ಇಲ್ಲ. ಆಂಜಿನಪ್ಪ ಮೆರವಣಿಗೆಯ ತಲೆಯಲ್ಲಿ ಊರೆಲ್ಲ ಸುತ್ತಿದ. ಸುತ್ತುತ್ತ ಸುತ್ತುತ್ತ ಅವನ ತಲೆಯಲ್ಲಿ ಒಂದು ದೀಪ ಹತ್ತಿತು. ಶ್ಯಾಮಲಮ್ಮನವರು ಸಭೆಗೆ ಉಡುವುದು ಕೆಂಪು ಸೀರೆ ಎಂದು ಬಟ್ಟೆ ಕೊಟ್ಟ ದಿನ ಅವರೇ ಹೇಳಿದ್ದರು!

ಮೆರವಣಿಗೆಯಿಂದ ತಪ್ಪಿಸಿಕೊಂಡು, ಜಾಕೀಟಿಗೆ ಇಸ್ತ್ರಿ ಹಾಕಿ, ಕಾಗದದಲ್ಲಿ ಸುತ್ತಿಕೊಂಡು ಬ್ಯಾಂಕ್ ಮ್ಯಾನೇಜರ ಮನೆ ಮುಟ್ಟುವ ಹೊತ್ತಿಗೆ ಸಭೆಗೆ ಸ್ವಲ್ಪವೇ ಸಮಯ ಉಳಿದಿತ್ತು. ಶ್ಯಾಮಲಮ್ಮನವರು ಪೊಟ್ಟಣ ಬಿಚ್ಚಿ, ಜಾಕೀಟನ್ನು ಹೊರಗೆ ತೆಗೆದು, ಕಾಗದದೊಳಗೆ ಇನ್ನೊಂದು ಜಾಕೀಟು ಇದೆಯೇ ಎಂದು ಹುಡುಕಿದರು.

"ನಾನು ಕೊಟ್ಟ ಬಟ್ಟೆ ಎಲ್ಲಪ್ಪ?"

"ಇದೇ ಅಮ್ಮಾವ್ರೇ" ಎಂದು ಆಂಜಿನಪ್ಪ ಒಂದೇ ಉಸಿರಿಗೆ ಶುರು ಮಾಡಿದ. "ಇವತ್ತು ರಾಜ್ಯೋತ್ಸವ. ನಿಮ್ದು ಕೆಂಪು ಸೀರೆ. ಮೇಲೆ ಹಳದಿ, ಕೆಳಗೆ ಕೆಂಪು. ಎಲ್ಲರೂ ಬಾವುಟ ಹಾರಿಸ್ತಾರೆ, ನೀವು ವೇದಿಕೆ ಹತ್ತಿದ್ರೆ ನೀವೇ ಬಾವುಟ! ಇಂಥದ್ದು ಬೆಂಗಳೂರಲ್ಲೂ ಯಾರೂ ಮಾಡಿಲ್ಲ."

ಶ್ಯಾಮಲಮ್ಮನವರ ಮುಖ ಮೊದಲು ಕೆಂಪಾಯಿತು. ಬೈಯಲು ಬಾಯಿ ತೆರೆದರು. ಬೈಯುತ್ತಲೇ ಜಾಕೀಟನ್ನು ಮೈಗೆ ಹಿಡಿದು ಕನ್ನಡಿಯ ಕಡೆ ತಿರುಗಿದರು. ಕನ್ನಡಿಯ ಕಡೆ ತಿರುಗಿದ ಹೆಂಗಸು ಬೈಗುಳ ಪೂರ್ತಿ ಮಾಡಿದ್ದನ್ನು ನಾನಂತೂ ನೋಡಿಲ್ಲ. ಒಳಗೆ ಹೋಗಿ ತೊಟ್ಟುಕೊಂಡು ಬಂದರು. ನಿಜ ಹೇಳಬೇಕು, ಆಂಜಿನಪ್ಪನ ಕತ್ತರಿಯಲ್ಲಿ ದೇವರಿದ್ದ. ಆ ಕಾಲರು, ಆ ಮಡಿಕೆ, ಆ ನಿಲುವು ನೋಡಿ ಅವನಿಗೇ ಕೈ ಮುಗಿಯುವಂತಾಯಿತು. ಆದರೆ ಬಿಸಿನೀರು ಕಂಡ ರೇಷ್ಮೆ ಎರಡು ಬೆರಳು ಕುಗ್ಗಿತ್ತು.

"ಕೈ ಮೇಲಕ್ಕೆ ಹೋಗ್ತಾ ಇಲ್ವಲ್ಲಪ್ಪ!"

"ಅಧ್ಯಕ್ಷರು ಕೈ ಎತ್ತಬಾರದು ಅಮ್ಮಾವ್ರೇ. ಎತ್ತೋದು ಸದಸ್ಯರು."

ಸಭೆ ಜೋರಾಗಿ ನಡೆಯಿತು. ನಾಡಗೀತೆ ಹಾಡಲು ಯಾರು ಮುಂದೆ ನಿಲ್ಲಬೇಕೆಂದು ತೆಲುಗಿನಲ್ಲಿ ಜಗಳವಾಡುತ್ತಿದ್ದ ಹೆಂಗಸರು ಶ್ಯಾಮಲಮ್ಮ ಒಳಗೆ ಬಂದದ್ದೇ ಮಾತು ನಿಲ್ಲಿಸಿ ಎದ್ದು ನಿಂತರು. ಚಪ್ಪಾಳೆ ನಿಲ್ಲಲೇ ಇಲ್ಲ. ಕೈ ಎತ್ತಲಾಗದೆ ಶ್ಯಾಮಲಮ್ಮ ಎದೆಯ ಹತ್ತಿರವೇ ಮೆಲ್ಲಗೆ ಕೈ ಜೋಡಿಸಿದರು. "ಎಷ್ಟು ಗಂಭೀರ!" ಎಂದರು ಅನಸೂಯಮ್ಮ. ಸಭಾಂಗಣದ ಹಿಂದಿನ ಬಾಗಿಲಲ್ಲಿ ಆಂಜಿನಪ್ಪ, ಭಾರತಮ್ಮ, ಮಾವ ದೊಡ್ಡಮುನಿಯಪ್ಪ ನಿಂತಿದ್ದರು. "ಕೇಳಿ ಮಾವ, ಈಗ ಕೇಳಿ" ಎಂದು ಆಂಜಿನಪ್ಪ ಮಾವನ ಕೈ ಹಿಡಿದುಕೊಂಡ.

ಭಾಷಣ ಮುಗಿದದ್ದೇ ಹೆಂಗಸರು ಅಧ್ಯಕ್ಷರನ್ನು ಮುತ್ತಿಕೊಂಡರು. ಕಾಲರು ಮುಟ್ಟಿದರು, ಗುಂಡಿ ಎಣಿಸಿದರು, ಮಡಿಕೆ ಎಳೆದು ನೋಡಿದರು. ದೊಡ್ಡಗಂಗಮ್ಮನೇ ಕೇಳಿದಳು. "ಯಾರಮ್ಮಾ ತಾಯೀ ಇದನ್ನ ಹೊಲ್ದಿದ್ದು? ಕೈಗೆ ಬಂಗಾರದ ಕಡಗ ಹಾಕ್ಬೇಕು!"

ಶ್ಯಾಮಲಮ್ಮನವರು ಕೆಟ್ಟವರಲ್ಲ. ಆದರೆ ಅಷ್ಟೊಂದು ಕಣ್ಣುಗಳು ತಮ್ಮನ್ನೇ ಹೀಗೆ ನೋಡುತ್ತಿರುವಾಗ, ಇದು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಬಳೆ ಅಂಗಡಿಯ ಪಕ್ಕದಲ್ಲಿ ಹೊಲಿಸಿದ್ದು ಎನ್ನಲು ಅವರಿಗೆ ನಾಲಿಗೆ ಹೊರಳಲಿಲ್ಲ.

"ಬೆಂಗಳೂರಿನಲ್ಲಿ" ಎಂದರು. "ದಂಡಿನಲ್ಲಿ."

"ಅಮ್ಮಾವ್ರೇ!" ಎಂದು ಆಂಜಿನಪ್ಪ ಹಿಂದಿನಿಂದ ಕಿರುಚಿದ. ಹೆಂಗಸರನ್ನು ತಳ್ಳಿಕೊಂಡು ಮುಂದೆ ಬಂದ. "ಅದು ನಾನು ಹೊಲಿದಿದ್ದು! ನನ್ನ ಕೈಯಾರೆ!"

ದೊಡ್ಡಗಂಗಮ್ಮ ಗಲ್ಲಕ್ಕೆ ಕೈ ಇಟ್ಟಳು. "ಏನ್ಲಾ, ಹಿಂಗೂ ಸುಳ್ಳು ಹೇಳ್ತಾರಾ? ನೀನು ಹೊಲ್ದಿದ್ದು ಬಿಳೀದು. ನಾನೇ ನನ್ನ ಕೈಯಾರೆ ಅರಿಶಿನ ಇಟ್ಟಿದೀನಿ."

"ನಾನೂ ನಾಲ್ಕು ಇಟ್ಟಿದೀನಿ" ಎಂದರು ಅನಸೂಯಮ್ಮ. "ಟೇಪು ಹಿಡಿದು ಇಟ್ಟಿದೀನಿ. ಆ ಬಿಳೀದನ್ನ ಏನೋ ಕೆಡಿಸಿರ್ತಾನೆ, ಪಾಪ ಮೇಡಂ ಬೆಂಗಳೂರಿಂದ ಇದನ್ನ ತರಿಸ್ಕೊಂಡಿದಾರೆ."

"ಅದೇ ಇದು! ಮಧ್ಯಾಹ್ನ ಬಣ್ಣ ಹಾಕಿ..."

"ಯಾವ ಮಧ್ಯಾಹ್ನ?" ಎಂದು ವೇದಿಕೆಯ ಪಕ್ಕದಿಂದ ಚನ್ನರಾಯಪ್ಪ ಎದ್ದು ನಿಂತ. "ಮಧ್ಯಾಹ್ನವೆಲ್ಲ ನೀನು ನನ್ನ ಜೊತೆ ಬಾವುಟ ಹಿಡ್ಕೊಂಡು ಊರು ಸುತ್ತಿದ್ಯಲ್ಲೋ. ಕನ್ನಡದ ಕೆಲಸ ಮಾಡಿದೋನು ಸುಳ್ಳು ಹೇಳ್ಬಾರ್ದು."

ಆಂಜಿನಪ್ಪ ಶ್ಯಾಮಲಮ್ಮನವರ ಮುಖ ನೋಡಿದ. ಅವರು ಪಕ್ಕಕ್ಕೆ ಕರೆದು ಮೆಲ್ಲಗೆ, "ಬೇಜಾರ್ ಮಾಡ್ಕೋಬೇಡಪ್ಪ. ಬಾಯಿಗೆ ಬಂದ್ಬಿಡ್ತು. ಈಗ ಹೇಗೆ ವಾಪಸ್ ತಗೊಳ್ಳಲಿ?" ಎಂದರು. ಅಷ್ಟರಲ್ಲಿ ಹೆಂಗಸರು ಬೆಂಗಳೂರಿನ ಆ ಟೈಲರನ ವಿಳಾಸ ಬೇಕೇ ಬೇಕೆಂದು ಹಟ ಹಿಡಿದರು. ಸಂಕ್ರಾಂತಿಗೆ ಎಲ್ಲರಿಗೂ ಅಂಥದ್ದೇ ಜಾಕೀಟು ಬೇಕಂತೆ. ಸಿಕ್ಕಿಬಿದ್ದ ಶ್ಯಾಮಲಮ್ಮ ಆ ಕಡೆ ಈ ಕಡೆ ನೋಡಿ, "ವಿಳಾಸ ನಂಗೊತ್ತಿಲ್ಲ. ತಂದುಕೊಟ್ಟಿದ್ದು ನಮ್ಮ ಆಂಜಿನಪ್ಪನೇ. ಅವನಿಗೆ ಗೊತ್ತು" ಎಂದುಬಿಟ್ಟರು.

"ಅದಕ್ಕೇ ನಂದು ನಂದು ಅಂತಿದಾನೆ!" ಎಂದಳು ದೊಡ್ಡಗಂಗಮ್ಮ. "ಹೊತ್ಕೊಂಡು ಬಂದಿದ್ದಕ್ಕೇ ಇಷ್ಟು ಜಂಭ!"

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಹೆಂಗಸರು ಸಾಲು ನಿಂತಿದ್ದರು. ಪ್ರತಿಯೊಬ್ಬಳ ಕಂಕುಳಲ್ಲೂ ಒಂದೊಂದು ಬಟ್ಟೆಯ ಗಂಟು. "ಬೆಂಗಳೂರಿಗೆ ಹೋಗಿ ಅವನ ಹತ್ರಾನೇ ಹೊಲಿಸ್ಕೊಂಡು ಬಾ ಆಂಜಿನಪ್ಪ. ನೀನು ಮಾತ್ರ ಕೈ ಇಡ್ಬೇಡ" ಎಂದು ಎಲ್ಲರೂ ಅದೇ ಮಾತು ಹೇಳಿ ಹೋದರು. ರಾತ್ರಿ ಅಲ್ಲೇ ಉಳಿದಿದ್ದ ಮಾವ ಗಂಟುಗಳನ್ನೂ ಅಳಿಯನನ್ನೂ ನೋಡಿದ.

"ನೀನೇ ಹೊಲಿದಿದ್ದು ಅಂತ ನಂಗೊತ್ತು ಅಳಿಯಾ. ತಪ್ಪಲೆ ನೋಡಿದೀನಲ್ಲ. ಆದ್ರೆ ಮಾತು ಏನು? ಹೆಂಗಸರು ‘ಆಂಜಿನಪ್ಪನ ಕೈ’ ಅನ್ಬೇಕು. ಅಂದ್ರಾ?"

"ಇಲ್ಲ ಮಾವ."

"ಅದು ಹೋಗ್ಲಿ. ಈ ಬಟ್ಟೇನೆಲ್ಲ ಇಲ್ಲೇ ಕೂತು ಹೊಲಿದ್ರೆ, ಬೀದೀಲಿ ಹೋಗೋರಿಗೆ ಕಾಣಲ್ವಾ? ಬೆಂಗಳೂರು ಅಂತ ಯಾರು ನಂಬ್ತಾರೆ?"

ಆಂಜಿನಪ್ಪ ಹೆಂಡತಿಯ ಕಡೆ ತಿರುಗಿದ. ಭಾರತಮ್ಮ ಆಗಲೇ ಮೆಷಿನ್ನಿನ ಕಾಲು ಬಿಚ್ಚುತ್ತಿದ್ದಳು.

ಹೀಗೆ ಬೆಂಗಳೂರಿನ ದಂಡಿನ ಹೆಸರಾಂತ ಟೈಲರು ದೇವರಾಯಸಮುದ್ರದ ಹುಳದ ಮನೆಯಲ್ಲಿ, ಸುತ್ತ ಸಾವಿರಾರು ಹುಳಗಳು ಚರಚರ ಸೊಪ್ಪು ಮೇಯುವ ನಡುವೆ, ಕಾಲು ಎತ್ತುತ್ತ ಇಳಿಸುತ್ತ ಮೆಷಿನ್ನು ತುಳಿಯತೊಡಗಿದ. ಕಾಲು ಎತ್ತಿಕೊಂಡರೆ ಮೆಷಿನ್ನು ತುಳಿಯಲಾಗದು, ತುಳಿದರೆ ಹುಳ ಹತ್ತುವ ಭಯ. ದಾರ ಪೋಣಿಸಲು ನಿಲ್ಲಿಸಿದಾಗಲೆಲ್ಲ ಮಾವ, "ಸುಮ್ನೆ ಯಾಕೆ ಕೂತಿದೀಯ, ಆ ತಟ್ಟೆಗೊಂದಿಷ್ಟು ಸೊಪ್ಪು ಹಾಕು" ಎನ್ನುತ್ತಿದ್ದ. ಮುಳಬಾಗಿಲಿನ ಹೆಂಗಸರು ಕಾಲರಿನ ಜಾಕೀಟು ತೊಟ್ಟು ಬೀದಿಯಲ್ಲಿ ಓಡಾಡಿದರು. ಕೋಲಾರದಿಂದ, ಶ್ರೀನಿವಾಸಪುರದಿಂದ ಬಂದ ನೆಂಟರು ಬೆರಗಾದರು. ಅವನ ಕೈಯನ್ನು ಹೊಗಳದವರೇ ಇರಲಿಲ್ಲ, ಅದು ಅವನದೆಂದು ಮಾತ್ರ ಯಾರೂ ಅನ್ನಲಿಲ್ಲ.

ಯುಗಾದಿ ಹತ್ತಿರ ಬಂದಾಗ ದೊಡ್ಡಗಂಗಮ್ಮ ಎರಡನೇ ಬಟ್ಟೆ ತಂದುಕೊಟ್ಟಳು. ಮೊದಲನೇ ಜಾಕೀಟನ್ನು ತೊಟ್ಟೇ ಬಂದಿದ್ದಳು. ಹೊಲಿದ ಜಾಕೀಟುಗಳನ್ನು ಮುಳಬಾಗಿಲಿನಲ್ಲಿ ಹಂಚಿ ಮುಗಿಸಿದ್ದ ಆಂಜಿನಪ್ಪ ದೇವರಾಯಸಮುದ್ರದ ಬಸ್ಸಿಗೆ ಕಾದು ನಿಂತಿದ್ದ.

"ನೋಡು, ಎಷ್ಟು ನೀಟಾಗಿದೆ. ನಿನ್ನ ಕೈಗೆ ಈ ಜನ್ಮಕ್ಕೆ ಬರಲ್ಲ" ಎಂದಳು. "ಆದ್ರೆ ಈ ತೋಳು ಒಂದು ಚೂರು ಬಿಗಿ ಆಗಿದೆ ಕಣೋ. ಆ ಟೈಲರ್ ಸಿಕ್ಕಿದ್ರೆ ಹೇಳು. ಹೇಳೋದೇನು, ಎದುರಿಗೆ ನಿಲ್ಲಿಸ್ಕೊಂಡು ನನ್ನ ಪರವಾಗಿ ಚೆನ್ನಾಗಿ ಬೈದು ಬಾ."

"ಬೈತೀನಕ್ಕಾ" ಎಂದ ಆಂಜಿನಪ್ಪ. "ದಿನಾ ಬೈತಾನೇ ಇದೀನಿ."